ಎದೆ ಡವಡವ ಅಂದಾಗ ಬಿಪಿ ನೋಡಿದ್ದೀರಾ?

ಕೇಳುಗರೇ, ನಮಸ್ಕಾರ.

ಕಾಲೇಜಿಗೆ ಹೋಗುವ ಮಗಳು ಬಂದು 'ಅಮ್ಮಾ, ಇದ್ದಕ್ಕಿದ್ದ ಹಾಗೆ ಎದೆ ಡವಡವ ಹೊಡ್ಕೊಳ್ಳುತ್ತೆ' ಅಂದರೆ ನಾವು ಏನು ಹೇಳುತ್ತೇವೆ? ಪರೀಕ್ಷೆ ಟೆನ್ಷನ್, ನಿದ್ದೆ ಕೆಟ್ಟಿದ್ದೀಯ, ಕಾಫಿ ಜಾಸ್ತಿ ಆಯ್ತು ಅನ್ನುತ್ತೇವೆ, ಅಲ್ವಾ? ಬಹಳ ಸಲ ಕಾರಣ ಅಷ್ಟೇ ಆಗಿರುತ್ತದೆ. ಆದರೆ ಕೆಲವೇ ಕೆಲವು ಹುಡುಗ ಹುಡುಗಿಯರಲ್ಲಿ ಈ ತೊಂದರೆಯ ಮೂಲ ಎದೆಯಲ್ಲೂ ಇರುವುದಿಲ್ಲ, ಮನಸ್ಸಿನಲ್ಲೂ ಇರುವುದಿಲ್ಲ. ಹೊಟ್ಟೆಯ ಹಿಂಭಾಗದಲ್ಲಿ ಇರುತ್ತದೆ. ಇವತ್ತು ಅವರ ಬಗ್ಗೆ ಮಾತಾಡೋಣ.

ಎರಡೂ ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಪುಟ್ಟ ಗ್ರಂಥಿ ಇದೆ. ಹೆಸರು ಅಡ್ರಿನಲ್. ತೂಕ 4-5 ಗ್ರಾಂ ಅಷ್ಟೇ. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಬಡಿದುಕೊಂಡು ಕೈಕಾಲಿಗೆ ಓಡುವ ಶಕ್ತಿ ಬರುತ್ತದಲ್ಲ, ಅದರಲ್ಲಿ ಈ ಗ್ರಂಥಿ ಸುರಿಸುವ ಅಡ್ರಿನಲಿನ್ ಪಾತ್ರ ದೊಡ್ಡದು. ಅದರ ಒಳಭಾಗದಲ್ಲಿ ಅಪರೂಪಕ್ಕೆ ಒಂದು ಗಡ್ಡೆ ಬೆಳೆಯುತ್ತದೆ. ಫಿಯೋಕ್ರೋಮೋಸೈಟೋಮಾ ಅಂತ ಅದಕ್ಕೆ ಹೆಸರು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಬರುವ ಕಾಯಿಲೆ. ನಾಯಿಯೂ ಇಲ್ಲ, ಭಯವೂ ಇಲ್ಲ, ಸುಮ್ನೆ ಕೂತಿದ್ದಾಗಲೇ ಈ ಗಡ್ಡೆ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎರಡನ್ನೂ ರಕ್ತಕ್ಕೆ ಬಿಡುತ್ತದೆ. ಎದೆ ಓಡತೊಡಗುತ್ತದೆ, ನಡುನಡುವೆ ಒಂದು ಬಡಿತ ತಪ್ಪಿದ ಹಾಗೆ ಅನಿಸುತ್ತದೆ, ತಲೆ ಸಿಡಿಯುತ್ತದೆ, ಮೈಯೆಲ್ಲ ಬೆವರು, ಮುಖ ಬಿಳುಚಿಕೊಳ್ಳುತ್ತದೆ, ಕೈ ನಡುಗುತ್ತದೆ, ಸತ್ತೇ ಹೋಗ್ತೀನಿ ಅನ್ನುವ ಭಯ ಬೇರೆ. ಕೆಲವು ನಿಮಿಷ, ಹೆಚ್ಚೆಂದರೆ ಗಂಟೆ ಹೊತ್ತು. ಆಟೋ ಹಿಡಿದು ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಇಳಿದಿರುತ್ತದೆ, ಇಸಿಜಿ ಸರಿ ಇದೆ ಅಂತ ಹೇಳಿ ಮನೆಗೆ ಕಳಿಸುತ್ತಾರೆ. ಮೂರ್ನಾಲ್ಕು ಸಲ ಹೀಗಾದರೆ ಸಾಕು, ಪಾಪ, ಆ ಮಗು ನಾಟಕ ಮಾಡುತ್ತಿದೆ ಅಂತ ಮನೆಯವರೇ ಅಂದುಕೊಳ್ಳುತ್ತಾರೆ.

ಜರ್ಮನಿಯ ಫ್ರೈಬುರ್ಗ್‌ನಲ್ಲಿ 18 ವರ್ಷದ ಒಬ್ಬ ಹುಡುಗಿಗೆ ಹೀಗೇ ಆಗುತ್ತಿತ್ತು. ಎದೆಬಡಿತ, ತಲೆನೋವು, ವಾಂತಿ, ಗಾಬರಿ. ಅವಳು ಉಳಿಯಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಎರಡೂ ಅಡ್ರಿನಲ್‌ಗಳಲ್ಲಿ ಗಡ್ಡೆ ಕಂಡಿತು. ಫೆಲಿಕ್ಸ್ ಫ್ರೆಂಕೆಲ್ ಎಂಬ ವೈದ್ಯರು 1886ರಲ್ಲಿ ಅದನ್ನು ಬರೆದಿಟ್ಟರು. ನಾಡಿ ತುಂಬ ಬಿಗಿಯಾಗಿತ್ತು ಅನ್ನುವುದನ್ನು ಅವರು ಗಮನಿಸಿದ್ದರು, ಆದರೆ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುವ ಸಾಧನ ಬಂದದ್ದೇ 1896ರಲ್ಲಿ. ಅವರ ಕೈಯಲ್ಲಿ ಅದು ಇರಲಿಲ್ಲ. ಈಗ ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತದೆ, ಆದರೂ ಹದಿನೈದರ ಹುಡುಗನ ತೋಳಿಗೆ ಆ ಪಟ್ಟಿ ಸುತ್ತಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ನನಗೆ ತುಂಬ ಬೇಸರ ಆಗುವುದು ಇಲ್ಲೇ. ಎದೆ ಹೊಡೆದುಕೊಳ್ಳುತ್ತಿರುವ ಹೊತ್ತಿನಲ್ಲೇ ಬಿಪಿ ನೋಡಿ, ನಾಡಿ ಎಣಿಸಿ, ಗಂಟೆ ಎಷ್ಟು, ಆಗ ಏನು ಮಾಡುತ್ತಿದ್ದ ಅಂತ ಚೀಟಿಯಲ್ಲಿ ಬರೆದಿಡಿ. ಮಕ್ಕಳಲ್ಲಿ ಬಿಪಿ ಬಂದು ಹೋಗುವ ಬದಲು ಯಾವಾಗಲೂ ಏರಿಯೇ ಇರುವುದೂ ಉಂಟು, ಹಾಗಾಗಿ ಆರಾಮಾಗಿದ್ದಾಗಲೂ ಒಮ್ಮೆ ನೋಡಿ. ಸಣ್ಣ ತೋಳಿಗೆ ಸಣ್ಣ ಪಟ್ಟಿಯೇ ಬೇಕು.

ಅನುಮಾನ ಬಂದರೆ ಪರೀಕ್ಷೆ ಕಷ್ಟದ್ದಲ್ಲ. ಮೆಟನೆಫ್ರಿನ್ ಅಂತ ಕೇಳಿ, ಅಡ್ರಿನಲಿನ್ ಮೈಯಲ್ಲಿ ಒಡೆದಾಗ ಉಳಿಯುವ ವಸ್ತು ಅದು. ರಕ್ತದಲ್ಲಿ ನೋಡುತ್ತಾರೆ, ಅದಕ್ಕೆ ಸ್ವಲ್ಪ ಹೊತ್ತು ಮಲಗಿಸಿ ರಕ್ತ ತೆಗೆಯುವುದು ಒಳ್ಳೆಯದು. ಇಲ್ಲವೇ 24 ಗಂಟೆಯ ಮೂತ್ರ. ಲ್ಯಾಬಿನವರು ದೊಡ್ಡ ಕ್ಯಾನ್ ಕೊಡುತ್ತಾರೆ, ಬೆಳಿಗ್ಗೆಯ ಮೊದಲ ಮೂತ್ರ ಬಿಟ್ಟು, ಮಾರನೇ ದಿನ ಬೆಳಿಗ್ಗೆಯ ಮೊದಲನೆಯದನ್ನೂ ಸೇರಿಸಿ ಒಂದು ಸಲವೂ ತಪ್ಪದೆ ಹಿಡಿಯಬೇಕು. ಹಾಸ್ಟೆಲ್‌ನಲ್ಲಿರುವ ಮಕ್ಕಳಿಗೆ ಇದು ಮುಜುಗರ, ಒಂದು ದಿನ ಮನೆಗೆ ಕರೆಸಿಕೊಳ್ಳಿ. ರಿಪೋರ್ಟ್ ಜಾಸ್ತಿ ಬಂದರೆ ಆಮೇಲೆ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನ್.

ಒಂದು ಮಾತು ಒತ್ತಿ ಹೇಳಬೇಕು. ಎದೆಬಡಿತಕ್ಕೆ ಸಾಮಾನ್ಯವಾಗಿ ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಕೊಡುತ್ತಾರೆ. ಒಳ್ಳೆಯ ಮಾತ್ರೆಯೇ. ಆದರೆ ಈ ಗಡ್ಡೆ ಇದ್ದವರಿಗೆ ಅದೊಂದನ್ನೇ ಮೊದಲು ಕೊಟ್ಟರೆ ಬಿಪಿ ಗಗನಕ್ಕೇರಬಹುದು. ರಕ್ತನಾಳಗಳನ್ನು ಸಡಿಲಗೊಳಿಸುವ ಆಲ್ಫಾ ಬ್ಲಾಕರ್ ಮೊದಲು, ಬೀಟಾ ಆಮೇಲೆ. ಅದಕ್ಕೇ ಪಕ್ಕದ ಮನೆಯವರ ಮಾತ್ರೆಯನ್ನು ಮಗುವಿಗೆ ನುಂಗಿಸಬೇಡಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಈ ಗಡ್ಡೆಯನ್ನು ಕೆರಳಿಸಬಹುದು.

ಗಡ್ಡೆಗೆ ಆಪರೇಷನ್ನೇ ಚಿಕಿತ್ಸೆ, ಹೆಚ್ಚಿನವರಿಗೆ ಲ್ಯಾಪರೊಸ್ಕೋಪ್‌ನಲ್ಲೇ ಆಗುತ್ತದೆ. ಆದರೆ ಅದಕ್ಕೆ ಮುಂಚೆ ಒಂದೆರಡು ವಾರ ಆಲ್ಫಾ ಬ್ಲಾಕರ್ ಕೊಟ್ಟು, ನೀರು ಉಪ್ಪು ಚೆನ್ನಾಗಿ ಕೊಟ್ಟು ಮೈಯನ್ನು ಸಿದ್ಧ ಮಾಡಬೇಕು, ಆತುರ ಪಡುವ ಹಾಗಿಲ್ಲ. ಆಮೇಲೂ ವರ್ಷಕ್ಕೊಮ್ಮೆ ಮೆಟನೆಫ್ರಿನ್ ಪರೀಕ್ಷೆ ಬಿಡಬಾರದು.

ಇನ್ನು ಮನೆತನದ ವಿಷಯ. ಈ ಗಡ್ಡೆ ಇರುವ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಜೀನ್‌ಗಳ ಮೂಲಕ ಬಂದಿರುತ್ತದೆ, ಮಕ್ಕಳಲ್ಲಿ ಇನ್ನೂ ಹೆಚ್ಚು. ಫ್ರೈಬುರ್ಗ್‌ನ ಆ ಹುಡುಗಿಯ ವಂಶದವರನ್ನು ಹುಡುಕಿ ಪರೀಕ್ಷಿಸಿದಾಗ ರೆಟ್ ಅನ್ನುವ ಜೀನಿನಲ್ಲಿ ದೋಷ ಸಿಕ್ಕಿತು, 2007ರಲ್ಲಿ ಅದು ಪ್ರಕಟವಾಯಿತು. ಅಂದರೆ ನೂರಿಪ್ಪತ್ತು ವರ್ಷ ಆದಮೇಲೂ ಅದು ಆ ಮನೆತನದಲ್ಲಿ ಇತ್ತು. ಹಾಗಾಗಿ ವೈದ್ಯರ ಹತ್ತಿರ ಹೋಗುವಾಗ ಮನೆಯ ಹಿರಿಯರನ್ನು ಕೇಳಿಕೊಂಡು ಹೋಗಿ. ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿತ್ತಾ? ಚಿಕ್ಕ ವಯಸ್ಸಿಗೇ ಬಿಪಿ ಇತ್ತಾ? ಆಪರೇಷನ್ ಟೇಬಲ್ ಮೇಲೆ ಇದ್ದಕ್ಕಿದ್ದಂತೆ ತೀರಿಕೊಂಡವರು ಇದ್ದಾರಾ? ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳು ತುಂಬ ಇವೆಯಾ? ಮಗುವಿಗೆ ಜೀನ್ ದೋಷ ಇದೆ ಅಂತ ಗೊತ್ತಾದರೆ ಅಪ್ಪ ಅಮ್ಮ, ತಂಗಿ ತಮ್ಮಂದಿರ ರಕ್ತವನ್ನೂ ಪರೀಕ್ಷೆ ಮಾಡಿಸಿ, ಅವರಿಗೆ ಇನ್ನೂ ಏನೂ ತೊಂದರೆ ಕಾಣದೇ ಇದ್ದರೂ.

ನಮಸ್ಕಾರ.