ಬೆಲೆ ತೆರುವವರು ಯಾರು?

ಕೇಳುಗರೇ, ನಮಸ್ಕಾರ.

ಬೈಬಲಿನಲ್ಲಿ, ಸಮುವೇಲನ ಎರಡನೆಯ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಒಂದು ವ್ಯಾಪಾರ ನಡೆಯುತ್ತದೆ. ಅರಸ ದಾವೀದನಿಗೆ ಯಜ್ಞವೇದಿ ಕಟ್ಟಲು ಅರೌನನೆಂಬವನ ಒಕ್ಕಣೆಯ ಕಣ ಬೇಕು. ಅರೌನ ಧಾರಾಳಿ. ಕಣದ ಜೊತೆಗೆ ಬಲಿಗೆ ಎತ್ತುಗಳನ್ನೂ, ಸೌದೆಗೆ ನೊಗವನ್ನೂ ಪುಕ್ಕಟೆ ಕೊಡಲು ಮುಂದಾಗುತ್ತಾನೆ. ದಾವೀದ ಒಲ್ಲೆನೆನ್ನುತ್ತಾನೆ. ಏನೂ ತೆರದೆ ಸಿಕ್ಕಿದ್ದನ್ನು ನನ್ನ ದೇವರಿಗೆ ಅರ್ಪಿಸಲಾರೆ ಎಂದು 50 ಶೆಕೆಲ್ ಬೆಳ್ಳಿ ಕೊಟ್ಟು ಕೊಳ್ಳುತ್ತಾನೆ.

ಬೇಥಾನ್ಯದ ಮರಿಯಳು ಯೇಸುವಿನ ಪಾದಗಳಿಗೆ ಹಚ್ಚಿದ ಸುಗಂಧ ತೈಲದ ಬೆಲೆ 300 ದಿನಾರಿ. ಕೂಲಿಯವನ ಒಂದು ದಿನದ ಸಂಬಳ ಒಂದು ದಿನಾರಿ. ಅಂದರೆ ಹೆಚ್ಚುಕಡಿಮೆ ವರ್ಷದ ದುಡಿಮೆಯೇ ಆಯಿತು. ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದ ಯೇಸುವಿನ ಶಿಷ್ಯ ಯೂದ. ನಿಜ ಹೇಳಬೇಕೆಂದರೆ, ಯಾವುದೇ ಕ್ರೈಸ್ತ ಸಭೆಯ ಲೆಕ್ಕಪತ್ರ ಸಮಿತಿಯಲ್ಲಿ ಆ ಮಾತಿಗೇ ಬಹುಮತ ಸಿಗುತ್ತಿತ್ತು! ಆದರೆ ತೈಲ ಅವನದಲ್ಲ, ಅವಳದು. ಯೇಸು ಅವಳ ಪರ ನಿಂತನು.

1873ರಲ್ಲಿ ಬೆಲ್ಜಿಯಂ ದೇಶದ ಪಾದ್ರಿ ಡೇಮಿಯನ್ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋದರು. ಕುಷ್ಠರೋಗಿಗಳನ್ನು ತಂದು ಬಿಡುತ್ತಿದ್ದ ಜಾಗ ಅದು. ನಾಲ್ವರು ಪಾದ್ರಿಗಳು ಸರದಿಯಂತೆ ಹೋಗಿಬರಲಿ ಎಂಬುದು ಬಿಷಪ್ಪರ ಯೋಜನೆಯಾಗಿತ್ತು. ಮೊದಲು ಹೋದ ಡೇಮಿಯನ್ ಅಲ್ಲೇ ಉಳಿಯುತ್ತೇನೆಂದರು. ಉಪದೇಶ ಮಾಡಿ ಕೈ ತೊಳೆದುಕೊಂಡವರಲ್ಲ. ಮನೆ ಕಟ್ಟಿದರು, ಹುಣ್ಣು ತೊಳೆದರು, ಶವಪೆಟ್ಟಿಗೆ ಮಾಡಿದರು, ಗುಂಡಿಯನ್ನೂ ತೋಡಿದರು. ಕೊನೆಗೆ ಅದೇ ರೋಗ ಅಂಟಿ, 1889ರಲ್ಲಿ, 49ರ ವಯಸ್ಸಿನಲ್ಲಿ ತೀರಿಕೊಂಡರು.

ಈ ಮೂವರೂ ಬೆಲೆಯನ್ನು ತಮ್ಮ ಕೈಯಿಂದಲೇ ತೆತ್ತರು. ನಾನು ಇವತ್ತು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಏಕೆಂದರೆ ಇನ್ನೊಂದು ಬಗೆಯ ತ್ಯಾಗವೂ ಇದೆ. ಹೆಸರು ಒಬ್ಬರದು, ಖರ್ಚು ಮತ್ತೊಬ್ಬರದು. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸು ಸಿಟ್ಟಾಗುವುದು ಇದಕ್ಕೇ. ತಂದೆತಾಯಿಗೆ ಸಲ್ಲಬೇಕಾದುದನ್ನು "ಕೊರ್ಬಾನ್", ದೇವರಿಗೆ ಮುಡಿಪು, ಎಂದುಬಿಟ್ಟರೆ ಮಗ ಭಕ್ತನೆನಿಸಿಕೊಳ್ಳುತ್ತಿದ್ದ. ಮುದುಕರು ಬರಿಗೈಯಲ್ಲಿ ಉಳಿಯುತ್ತಿದ್ದರು.

ಇದು ಹಳೆಯ ಕಾಲದ ಕಥೆಯೇನಲ್ಲ. ವಾರದ ಅಷ್ಟೂ ಸಂಜೆ ಪ್ರಾರ್ಥನಾಕೂಟ, ಸುವಾರ್ತಾ ಸೇವೆ ಎಂದು ಓಡಾಡುವವರಿದ್ದಾರೆ. ಮಕ್ಕಳ ಜ್ವರ, ಮನೆಯ ಸಾಲ, ವಯಸ್ಸಾದವರ ಔಷಧಿ ಎಲ್ಲವನ್ನೂ ಹೆಂಡತಿಯೊಬ್ಬಳೇ ನೋಡಿಕೊಳ್ಳಬೇಕು. ಜನ ಆತನನ್ನು ಸರ್ವಸ್ವ ಅರ್ಪಿಸಿದವನೆಂದು ಹೊಗಳುತ್ತಾರೆ. ಅವಳನ್ನು ಒಂದು ಮಾತು ಕೇಳಿದವರುಂಟೇ? ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯಿಲ್ಲದವನಿಗಿಂತಲೂ ಕೀಳು ಎಂಬ ಖಾರವಾದ ಮಾತು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿದೆ.

ಹಾಸಿಗೆ ಹಿಡಿದ ತಾಯಿಯ ಆರೈಕೆಗೆಂದು ಸಭೆಯ ಹುದ್ದೆ ಬಿಟ್ಟವನೂ ಬೆಲೆ ತೆತ್ತವನೇ. ಅವನಿಗೆ ವೇದಿಕೆಯಿಲ್ಲ, ಚಪ್ಪಾಳೆಯೂ ಇಲ್ಲ. ಅಂಥವನಿಗೆ ಭಕ್ತಿ ಸಾಲದು ಎಂದು ದೂರುವವರು ಮಾರ್ಕನ ಆ ಅಧ್ಯಾಯವನ್ನು ಇನ್ನೊಮ್ಮೆ ಓದಿದರೆ ಒಳ್ಳೆಯದು.