ಆಡಿದವರು, ಆಡಿಸಿದವರು: ಫ್ರಿಟ್ಜ್ ಪೊಲಾರ್ಡ್

ಕೇಳುಗರಿಗೆ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್ ಅಂದ ಕೂಡಲೇ ರೇಡಿಯೋ ಆಫ್ ಮಾಡಬೇಡಿ. ನಿಯಮಗಳನ್ನೆಲ್ಲ ಹೇಳಿ ತಲೆ ತಿನ್ನುವುದಿಲ್ಲ. ಮೊಟ್ಟೆಯಾಕಾರದ ಚೆಂಡು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಬೇಕು. ಅವರು ಹಿಡಿದು ಕೆಡವಬೇಕು. ಇವತ್ತಿಗೆ ಇಷ್ಟು ಸಾಕು.

ನಾನು ಹೇಳಹೊರಟಿರುವುದು ಫ್ರಿಟ್ಜ್ ಪೊಲಾರ್ಡ್ ಬಗ್ಗೆ. ಅಮೆರಿಕದಲ್ಲಿ ಈ ಆಟ ಹಣದ ಆಟವಾಗಿ ಬೆಳೆಯುತ್ತಿದ್ದ ಕಾಲದ ದೊಡ್ಡ ಆಟಗಾರ. ಕಪ್ಪು ಜನಾಂಗದವರು. ಇವರ ಓಟವನ್ನು ಎಲ್ಲರೂ ಹೊಗಳುತ್ತಾರೆ. ಸರಿ, ಹೊಗಳಲಿ. ಆದರೆ ಇವರು ಆಡಿದವರು ಮಾತ್ರ ಅಲ್ಲ, ಆಡಿಸಿದವರು. ತಂಡದ ಕೋಚ್. ಇದೊಂದು ನೆನಪಿರಲಿ, ಮಿಕ್ಕಿದ್ದು ಮರೆತರೂ ಪರವಾಗಿಲ್ಲ.

ಹುಟ್ಟಿದ್ದು 1894ರ ಜನವರಿ 27ರಂದು, ಶಿಕಾಗೋದ ರೋಜರ್ಸ್ ಪಾರ್ಕ್‌ನಲ್ಲಿ. ಅಪ್ಪ ಕ್ಷೌರದಂಗಡಿ ನಡೆಸುತ್ತಿದ್ದರು, ಅಮ್ಮ ಬಟ್ಟೆ ಹೊಲಿಯುತ್ತಿದ್ದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಅವರ ಹೆಸರನ್ನೇ ಮಗನಿಗೆ ಇಟ್ಟರು. ಅಕ್ಕಪಕ್ಕದಲ್ಲಿ ಜರ್ಮನ್ ಮಾತಾಡುವವರು ಜಾಸ್ತಿ, ಹಾಗಾಗಿ ಫ್ರೆಡರಿಕ್ ಎಲ್ಲರ ಬಾಯಲ್ಲಿ ಫ್ರಿಟ್ಜ್ ಆದರು. ಎತ್ತರ 5 ಅಡಿ 9 ಇಂಚು, ತೂಕ ಸುಮಾರು 75 ಕಿಲೋ. ಈ ಆಟಕ್ಕೆ ಇದು ಸಣ್ಣ ಮೈಯೇ.

ಈಗ ನನಗೆ ತುಂಬಾ ಇಷ್ಟವಾದ ವಿಷಯ ಹೇಳಿಬಿಡುತ್ತೇನೆ. ಆಗಿನ ನಿಯಮದಲ್ಲಿ ಚೆಂಡು ಹಿಡಿದವನು ಬಿದ್ದರೂ ಆಟ ಮುಗಿಯುತ್ತಿರಲಿಲ್ಲ. ಎದ್ದು ಮತ್ತೆ ಓಡಬಹುದಿತ್ತು, ತೆವಳಬಹುದಿತ್ತು. ಅದಕ್ಕೇ ಎದುರಾಳಿಗಳು ಅವನ ಮೇಲೆ ಬಂದು ಬೀಳುತ್ತಿದ್ದರು. ನಮ್ಮ ಕಬಡ್ಡಿಯಲ್ಲಿ ರೈಡರ್ ಮೇಲೆ ಎಲ್ಲರೂ ಮುಗಿಬೀಳುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಶೂ ತಳದಲ್ಲಿ ಗಟ್ಟಿ ಮೊಳೆಗಳು. ಮುಖಕ್ಕೆ ಯಾವ ರಕ್ಷಣೆಯೂ ಇಲ್ಲ, ತಲೆಗೆ ಇದ್ದರೆ ಒಂದು ಚರ್ಮದ ಟೋಪಿ. ಆ ರಾಶಿಯ ಅಡಿಯಲ್ಲಿ ಯಾರು ಯಾರಿಗೆ ಗುದ್ದಿದರು, ಯಾರು ಕಾಲು ತಿರುಚಿದರು, ರೆಫರಿಗೆ ಕಾಣುತ್ತಿರಲಿಲ್ಲ. ಬಿದ್ದವನು ಕಪ್ಪು ಹುಡುಗ ಅಂದರೆ ಕೇಳಲೇಬೇಡಿ. ಬೇಕಂತಲೇ ಹಾರಿ ಬೀಳುವವರೂ ಇದ್ದರು.

ಪೊಲಾರ್ಡ್ ಏನು ಮಾಡುತ್ತಿದ್ದರು ಗೊತ್ತಾ? ಬಿದ್ದ ತಕ್ಷಣ ಹೊರಳಿ ಅಂಗಾತ ಆಗುತ್ತಿದ್ದರು. ಎರಡೂ ಕಾಲು ಮೇಲೆತ್ತಿ ಸೈಕಲ್ ತುಳಿದಂತೆ ಗಾಳಿಯಲ್ಲಿ ತುಳಿಯುತ್ತಿದ್ದರು. ಮೊಳೆಗಳ ಕಡೆ ಮುಖ ಮಾಡಿ ಯಾರು ಬೀಳುತ್ತಾರೆ ಹೇಳಿ! ಜಗಳ ಇಲ್ಲ, ಬೈಗುಳ ಇಲ್ಲ, ರೆಫರಿಗೆ ದೂರು ಇಲ್ಲ. ನೋಡುವವರಿಗೆ ಇದು ತಮಾಷೆಯಾಗಿ ಕಂಡಿರಬಹುದು. ನನಗೆ ಇದರಲ್ಲಿ ಕಾಣುವುದು ಯೋಚಿಸುವ ತಲೆ. ಒಬ್ಬ ಕೋಚ್‌ಗೆ ಬೇಕಾದ್ದು ಅದೇ ಅಲ್ವಾ?

ನನಗೆ ಕೊಟ್ಟ ಸಮಯದಲ್ಲಿ ಅರ್ಧ ಇದಕ್ಕೇ ಹೋಯಿತು. ಇನ್ನು ಬೇಗ ಹೇಳುತ್ತೇನೆ.

ಓದಿದ್ದು ಬ್ರೌನ್ ವಿಶ್ವವಿದ್ಯಾಲಯದಲ್ಲಿ. 1916ರ ಜನವರಿ 1ರಂದು ರೋಸ್ ಬೌಲ್ ಆಡಿದರು, ಅಂದರೆ ಕಾಲೇಜು ತಂಡಗಳ ಹೊಸವರ್ಷದ ದೊಡ್ಡ ಪಂದ್ಯ. ಆ ಪಂದ್ಯ ಆಡಿದ ಮೊದಲ ಕಪ್ಪು ಆಟಗಾರ ಇವರೇ. ಮಳೆ, ಕೆಸರು. ಬ್ರೌನ್ ಸೋತಿತು. ಅದೇ ವರ್ಷದ ಮುಂದಿನ ಸೀಸನ್‌ನಲ್ಲಿ ಬ್ರೌನ್ ತಂಡ ಯೇಲ್, ಹಾರ್ವರ್ಡ್ ಎರಡನ್ನೂ ಸೋಲಿಸಿತು.

1919ರಲ್ಲಿ ಒಹಾಯೊದ ಆಕ್ರನ್‌ಗೆ ಬಂದರು, ಸಂಬಳಕ್ಕೆ ಆಡಲು. ಟೈರ್ ಕಾರ್ಖಾನೆಗಳ ಊರು ಅದು. ಮರುವರ್ಷದಿಂದ ತಂಡದ ಹೆಸರು ಆಕ್ರನ್ ಪ್ರೋಸ್. ಜೊತೆಯವರೊಂದಿಗೆ ಬಟ್ಟೆ ಬದಲಾಯಿಸುವ ಹಾಗಿರಲಿಲ್ಲ. ಮಾಲೀಕರ ಸಿಗಾರ್ ಕಾರ್ಖಾನೆಯಲ್ಲಿ ತಯಾರಾಗಿ, ಆಟ ಶುರುವಾಗುವ ಹೊತ್ತಿಗೆ ಕಾರಿನಲ್ಲಿ ಮೈದಾನಕ್ಕೆ ಬರುತ್ತಿದ್ದರು. ಇಳಿದ ಮೇಲೆ ಆಟ! ಇಂದಿನ ಎನ್‌ಎಫ್‌ಎಲ್, ಅಂದರೆ ಸಂಬಳಕ್ಕೆ ಆಡುವ ತಂಡಗಳ ದೊಡ್ಡ ಲೀಗ್, ಹುಟ್ಟಿದ 1920ರಲ್ಲೇ ಆಕ್ರನ್ ಚಾಂಪಿಯನ್ ಆಯಿತು. 8 ಗೆಲುವು, 3 ಡ್ರಾ, ಸೋಲೇ ಇಲ್ಲ. ಇಡೀ ಸೀಸನ್‌ನಲ್ಲಿ ಎದುರಾಳಿಗಳೆಲ್ಲ ಸೇರಿ ಗಳಿಸಿದ್ದು 7 ಪಾಯಿಂಟ್.

ಮರುವರ್ಷ, 1921ರಲ್ಲಿ, ಎಲ್ಗಿ ಟೋಬಿನ್ ಜೊತೆಗೆ ಪೊಲಾರ್ಡ್ ಆ ತಂಡದ ಕೋಚ್ ಆದರು. ಬಿಳಿಯರ ತಂಡಕ್ಕೆ, ಅದೂ 1921ರಲ್ಲಿ! ಆಡುತ್ತಲೇ ಆಡಿಸಿದರು. ಇದನ್ನೇ ನಾನು ಮತ್ತೆ ಮತ್ತೆ ಹೇಳುತ್ತಿರುವುದು.

ಮಿಲ್ವಾಕಿ, ಹ್ಯಾಮಂಡ್, ಪ್ರಾವಿಡೆನ್ಸ್ ತಂಡಗಳಲ್ಲೂ ಇದ್ದರು. 1926ರ ನಂತರ ಆ ಲೀಗ್‌ನಲ್ಲಿ ಅವರಿಲ್ಲ. 1934ರಿಂದ 1945ರವರೆಗೆ ಅಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಪೊಲಾರ್ಡ್ ಸುಮ್ಮನೆ ಕೂರಲಿಲ್ಲ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಬ್ರೌನ್ ಬಾಂಬರ್ಸ್ ಅನ್ನುವ ಕಪ್ಪು ಆಟಗಾರರ ತಂಡ ಇತ್ತು. 1935ರಿಂದ ಅದಕ್ಕೂ ಇವರೇ ಕೋಚ್. ಪತ್ರಿಕೆ ನಡೆಸಿದರು, ಕಲಾವಿದರ ಏಜೆಂಟ್ ಆಗಿದ್ದರು, ತೆರಿಗೆ ಸಲಹೆ ಕೊಡುತ್ತಿದ್ದರು. ಮಗ ಫ್ರಿಟ್ಜ್ ಜೂನಿಯರ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 110 ಮೀಟರ್ ಹರ್ಡಲ್ಸ್ ಕಂಚು ಗೆದ್ದರು. ಆ ಮಗನ ಬಗ್ಗೆ ಬೇರೆ ಭಾಷಣವೇ ಬೇಕು.

1986ರ ಮೇ 11ರಂದು, 92ನೇ ವಯಸ್ಸಿನಲ್ಲಿ ಪೊಲಾರ್ಡ್ ತೀರಿಕೊಂಡರು. 1989ರಲ್ಲಿ ಆರ್ಟ್ ಶೆಲ್ ರೈಡರ್ಸ್ ತಂಡದ ಕೋಚ್ ಆದರು. ಎನ್‌ಎಫ್‌ಎಲ್‌ನಲ್ಲಿ ಪೊಲಾರ್ಡ್ ನಂತರದ ಕಪ್ಪು ಮುಖ್ಯ ಕೋಚ್ ಅಂದರೆ ಇವರೇ. ನಡುವೆ 60 ವರ್ಷಕ್ಕೂ ಜಾಸ್ತಿ! ಈ ಆಟದ ದೊಡ್ಡವರನ್ನು ಗೌರವಿಸುವ ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ಗೆ ಪೊಲಾರ್ಡ್ ಹೆಸರು ಸೇರಿದ್ದು 2005ರಲ್ಲಿ.

ಕ್ವಿಜ್‌ಗೆ ತಯಾರಾಗುವ ಮಕ್ಕಳೇ, ಎನ್‌ಎಫ್‌ಎಲ್‌ನ ಮೊದಲ ಕಪ್ಪು ಕೋಚ್ ಯಾರು ಅಂತ ಕೇಳಿದರೆ ಆರ್ಟ್ ಶೆಲ್ ಅಂತ ಬರೆದು ಬರಬೇಡಿ. ಪೊಲಾರ್ಡ್ ಅಂತ ಬರೆಯಿರಿ, ಪಕ್ಕದಲ್ಲಿ 1921 ಅಂತ ಇಸವಿಯನ್ನೂ ಹಾಕಿ. ನಮಸ್ಕಾರ.