ಕಲಾಯಿ ಯಾವ ಪಾತ್ರೆಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಕಳೆದ ತಿಂಗಳು ದಾವಣಗೆರೆಗೆ, ಅಕ್ಕನ ಮನೆಗೆ ಹೋಗಿದ್ದೆ. ಕಾಲೇಜಿನಲ್ಲಿ ಓದುತ್ತಿರುವ ಅವಳ ಮಗ ನನ್ನನ್ನು ಟಿವಿಯ ಮುಂದೆ ಕೂರಿಸಿ, ‘ಮಾಮ, ಒಂದೇ ಜಾಗವನ್ನು ಎರಡು ಸಲ ತೋರಿಸುತ್ತೇನೆ. ಹಳೆಯದು ಯಾವುದು, ಹೊಸದು ಯಾವುದು ಹೇಳಿ’ ಎಂದ. ಅದೊಂದು ವಿಡಿಯೊ ಗೇಮ್, ಹೆಸರು ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’. ಪಾಳುಬಿದ್ದ ಸಿಯಾಟಲ್ ನಗರ, ಅದರಲ್ಲೊಂದು ಹಾಳು ಸಂಗೀತದ ಅಂಗಡಿ. ಎಲ್ಲಿ ಎಂಬ ಹುಡುಗಿ ಅಲ್ಲಿ ಗಿಟಾರು ಕೈಗೆತ್ತಿಕೊಳ್ಳುತ್ತಾಳೆ. ಕಂಟ್ರೋಲರಿನ ಟಚ್‌ಪ್ಯಾಡ್ ಮೇಲೆ ನಾವು ಬೆರಳು ಸವರಿದರೆ ಪರದೆಯಲ್ಲಿ ಅವಳ ಬೆರಳು ತಂತಿ ಮೀಟುತ್ತದೆ. ಎರಡನೆಯ ಸಲವೂ ಅದೇ ಅಂಗಡಿ, ಅದೇ ಗಿಟಾರು. ನಾನು ಅವಳ ಕೂದಲನ್ನು ನೋಡಿದೆ, ಒಳಗೆ ಬಿದ್ದ ಬೆಳಕನ್ನು ನೋಡಿದೆ, ಗೋಡೆಗೆ ಹಬ್ಬಿದ ಹಸಿರನ್ನು ನೋಡಿದೆ. ಕೊನೆಗೆ ಊಹೆಯಿಂದ ಒಂದನ್ನು ಹೇಳಿದೆ. ತಪ್ಪಾಗಿತ್ತು.

ಮೊದಲು ತೋರಿಸಿದ್ದು 2020ರ ಜೂನ್‌ನಲ್ಲಿ ಸೋನಿ ಕಂಪನಿಯ ಆಟದ ಯಂತ್ರ ಪ್ಲೇಸ್ಟೇಷನ್ 4ಕ್ಕೆ ಬಂದ ಆಟ. ಎರಡನೆಯದು 2024ರ ಜನವರಿಯಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂದ ರೀಮಾಸ್ಟರ್, ಅಂದರೆ ಅದೇ ಆಟದ ತಿದ್ದಿದ ಆವೃತ್ತಿ. ನಡುವೆ ಮೂರೂವರೆ ವರ್ಷ. ಇಪ್ಪತ್ತು ವರ್ಷಗಳಿಂದ ಆಡುತ್ತ ಬಂದ ಕಣ್ಣಿಗೂ ವ್ಯತ್ಯಾಸ ತಿಳಿಯದಿದ್ದರೆ, ಆ ಕೆಲಸ ಯಾರಿಗಾಗಿ ನಡೆಯಿತು? ಇವತ್ತು ನಾನು ಮಾತನಾಡಬೇಕೆಂದಿರುವುದು ಇದರ ಬಗ್ಗೆಯೇ.

ನಮ್ಮ ಬೀದಿಗೆ ಹಿಂದೆ ಕಲಾಯಿಯವನು ಬರುತ್ತಿದ್ದ. ತಿದಿ ಒತ್ತಿ, ಇದ್ದಿಲು ಕೆಂಪಗೆ ಮಾಡಿ, ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಸವರಿ ಕೊಡುತ್ತಿದ್ದ. ಅಮ್ಮ ಅವನ ಮುಂದೆ ಇಡುತ್ತಿದ್ದದ್ದು ಕಲಾಯಿ ಹೋದ ಪಾತ್ರೆಗಳನ್ನು ಮಾತ್ರ. ಮೊನ್ನೆ ತಾನೇ ಕಲಾಯಿ ಹಾಕಿಸಿದ್ದನ್ನು ಯಾರೂ ಮತ್ತೆ ಹೊರಗೆ ತರುತ್ತಿರಲಿಲ್ಲ. ರೀಮಾಸ್ಟರ್ ಎಂದರೆ ಆಟಕ್ಕೆ ಕಲಾಯಿ. ಕಥೆ ಅದೇ, ಪಾತ್ರಗಳು ಅವೇ, ಆಡುವ ರೀತಿಯೂ ಅದೇ. ಚಿತ್ರ, ಬೆಳಕು, ಚಲನೆಗಳನ್ನು ಮಾತ್ರ ಹೊಸ ಯಂತ್ರಕ್ಕೆ ತಕ್ಕಂತೆ ತಿದ್ದುತ್ತಾರೆ.

ಹಾಗಾದರೆ ಎಷ್ಟು ವರ್ಷ ಹಳೆಯದಾದ ಆಟಕ್ಕೆ ಕಲಾಯಿ ಬೇಕು? ಇದು ವರ್ಷದ ಲೆಕ್ಕವಲ್ಲ. ಇದೇ ಸರಣಿಯ ಮೊದಲ ಆಟವನ್ನೇ ನೋಡಿ. ಅದು ಪ್ಲೇಸ್ಟೇಷನ್ 3ಕ್ಕೆ ಬಂದದ್ದು 2013ರ ಜೂನ್‌ನಲ್ಲಿ. ರೀಮಾಸ್ಟರ್ ಬಂದದ್ದು 2014ರ ಜುಲೈನಲ್ಲಿ. ಕೇವಲ ಹದಿಮೂರು ತಿಂಗಳ ಅಂತರ, ಆದರೂ ಅದು ಬೇಕಾಗಿತ್ತು. ಪ್ಲೇಸ್ಟೇಷನ್ 3ರ ಒಳಗಿದ್ದ ‘ಸೆಲ್’ ಪ್ರೊಸೆಸರ್ ಬೇರೆಯದೇ ಜಾತಿಯದು. ಒಂದು ಮುಖ್ಯ ಭಾಗ, ಅದರ ಕೈಕೆಳಗೆ ಏಳು ಸಹಾಯಕ ಭಾಗಗಳು. ಅದಕ್ಕೆಂದು ಬರೆದ ಆಟ ಪ್ಲೇಸ್ಟೇಷನ್ 4ರಲ್ಲಿ ಓಡುತ್ತಲೇ ಇರಲಿಲ್ಲ. ಹೊಸ ಯಂತ್ರ ಕೊಂಡವರಿಗೆ ಆ ಆಟದ ಬಾಗಿಲು ಮುಚ್ಚಿತ್ತು. ರೀಮಾಸ್ಟರ್ ಆ ಬಾಗಿಲನ್ನು ತೆರೆಯಿತು. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರಗಳು, ಓಡುತ್ತಿದ್ದುದು 60 ಆಯಿತು, ಚಿತ್ರದ ಸ್ಪಷ್ಟತೆಯೂ 720 ಗೆರೆಗಳಿಂದ 1080ಕ್ಕೆ ಏರಿತು.

ಎರಡನೆಯ ಆಟಕ್ಕೆ ಅಂಥ ಕಷ್ಟವೇನೂ ಇರಲಿಲ್ಲ. ಪ್ಲೇಸ್ಟೇಷನ್ 4 ಮತ್ತು 5ರ ಒಳಗಿರುವುದು ಒಂದೇ ವಂಶದ ಚಿಪ್‌ಗಳು. ಹಳೆಯ ಡಿಸ್ಕ್ ಹಾಕಿದರೆ ಹೊಸ ಯಂತ್ರ ಓದುತ್ತದೆ. 2021ರ ಮೇ ತಿಂಗಳಿನಲ್ಲೇ ಒಂದು ಉಚಿತ ಅಪ್‌ಡೇಟ್ ಬಂದು ಆ ಆಟ ಪ್ಲೇಸ್ಟೇಷನ್ 5ರಲ್ಲಿ 60 ಫ್ರೇಮ್‌ಗಳಲ್ಲಿ ಓಡತೊಡಗಿತ್ತು. 2018ರ ‘ಗಾಡ್ ಆಫ್ ವಾರ್’ ಆಟಕ್ಕೂ ಹೀಗೆಯೇ ಉಚಿತವಾಗಿ ಕೊಟ್ಟರು. ಪೋಲೆಂಡಿನ ಒಂದು ಕಂಪನಿಯವರು 2015ರ ‘ದಿ ವಿಚರ್ 3’ ಆಟವನ್ನು 2022ರ ಡಿಸೆಂಬರ್‌ನಲ್ಲಿ ಹೊಸ ಯಂತ್ರಗಳಿಗೆ ಒಗ್ಗಿಸಿ, ಹಳೆಯ ಗಿರಾಕಿಗಳಿಂದ ಒಂದು ಪೈಸೆಯನ್ನೂ ಕೇಳಲಿಲ್ಲ. ಸಾಧ್ಯವಾಗುವ ಕೆಲಸವೇ ಇದು.

ಇನ್ನು ಕನ್ಸೋಲ್‌ಗಳ ವೇಗ. ಪ್ಲೇಸ್ಟೇಷನ್ ಎಂಬ ಈ ಆಟದ ಯಂತ್ರಗಳಲ್ಲಿ 2000ದಲ್ಲಿ ಎರಡನೆಯದು, 2006ರಲ್ಲಿ ಮೂರನೆಯದು, 2013ರಲ್ಲಿ ನಾಲ್ಕನೆಯದು, 2020ರಲ್ಲಿ ಐದನೆಯದು. ವರ್ಷಗಳ ಅಂತರ ಅಷ್ಟೇನೂ ಹಿಗ್ಗಿಲ್ಲ, ಜನ ಹೊಸದಕ್ಕೆ ಹೋಗುವುದು ನಿಧಾನವಾಗಿದೆ. ಹಿಂದೆ ಕಾದರೆ ಬೆಲೆ ಇಳಿಯುತ್ತಿತ್ತು. ಪ್ಲೇಸ್ಟೇಷನ್ 4 ಅಮೆರಿಕದಲ್ಲಿ 399 ಡಾಲರಿಗೆ ಬಂದು ಮೂರು ವರ್ಷಗಳೊಳಗೆ 299ಕ್ಕೆ ಇಳಿಯಿತು. ಅಲ್ಲೇ ಪ್ಲೇಸ್ಟೇಷನ್ 5 ಬಂದದ್ದು 499ಕ್ಕೆ, 2025ರಲ್ಲಿ ಅದು 549 ಆಯಿತು. ನಮ್ಮಲ್ಲಿಗೆ 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂದ ಯಂತ್ರ ಮರುವರ್ಷ 54,990 ಆಯಿತು. ಅಕ್ಕನ ಮಗನ ಗೆಳೆಯರಲ್ಲಿ ಹೆಚ್ಚಿನವರು ಇನ್ನೂ ಪ್ಲೇಸ್ಟೇಷನ್ 4ರಲ್ಲೇ ಆಡುತ್ತಾರೆ, ಅದೂ ಬೇರೆಯವರು ಬಳಸಿ ಮಾರಿದ್ದು. ತಯಾರಕರಿಗೂ ಇದು ಗೊತ್ತು. 2022ರ ‘ಗಾಡ್ ಆಫ್ ವಾರ್ ರಾಗ್ನರೋಕ್’ ಎರಡೂ ಯಂತ್ರಗಳಿಗೆ ಒಟ್ಟಿಗೇ ಬಂತು. ಎರಡು ಪೀಳಿಗೆಗಳ ನಡುವೆ ಹಾರಿ ದಾಟಬೇಕಾದ ಕಂದಕವೇ ಇಲ್ಲದಿರುವಾಗ ಸೇತುವೆ ಕಟ್ಟಿ ಸುಂಕ ಕೇಳುವುದು ನನಗೆ ನ್ಯಾಯವೆನಿಸುವುದಿಲ್ಲ.

ಸುಂಕ ಕಡಿಮೆಯೇ, ‘ಪಾರ್ಟ್ 2’ರ ಹಳೆಯ ಆಟ ಇದ್ದವರಿಗೆ ರೀಮಾಸ್ಟರ್ 10 ಡಾಲರ್ ಅಷ್ಟೇ ಎಂದು ಹೇಳುವವರಿದ್ದಾರೆ. ಒಪ್ಪುತ್ತೇನೆ. ನನ್ನ ನೋವು ಬೇರೆಡೆ ಇದೆ. ಹೊಸದು ಬರುವಾಗ ಎಷ್ಟೋ ಸಲ ಹಳೆಯದು ಅಂಗಡಿಯಿಂದ ಮಾಯವಾಗುತ್ತದೆ. 2017ರ ‘ಹೊರೈಜನ್ ಝೀರೊ ಡಾನ್’ ಆಟದ ರೀಮಾಸ್ಟರ್ 2024ರಲ್ಲಿ ಬಂದಾಗ, ಕಂಪ್ಯೂಟರಿಗೆ ಆಟ ಮಾರುವ ಮುಖ್ಯ ಅಂತರ್ಜಾಲ ಅಂಗಡಿಗಳಲ್ಲಿ ಮೊದಲಿನ ಆವೃತ್ತಿಯ ಮಾರಾಟವನ್ನು ನಿಲ್ಲಿಸಿದರು. ರಾಕ್‌ಸ್ಟಾರ್ ಕಂಪನಿಯ ‘ಜಿಟಿಎ’ (ಗ್ರ್ಯಾಂಡ್ ಥೆಫ್ಟ್ ಆಟೊ) ಸರಣಿಯ ಮೂರು ಹಳೆಯ ಆಟಗಳಿಗೆ 2021ರ ನವೆಂಬರ್‌ನಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು. ಹಳೆಯವನ್ನು ಒಂದು ತಿಂಗಳು ಮೊದಲೇ ತೆಗೆದುಹಾಕಿದ್ದರು. ಹೊಸದರಲ್ಲಿ ಮಳೆ ಸುರಿದರೆ ಬಿಳಿ ಗೆರೆಗಳು ಕಣ್ಣಿಗೆ ಕಟ್ಟಿ ದಾರಿಯೇ ಕಾಣುತ್ತಿರಲಿಲ್ಲ. ‘ಟಫ್ ನಟ್’ ಎಂಬ ಡೋನಟ್ ಅಂಗಡಿಯ ಮೇಲೆ ಆರು ಮೂಲೆಯ ದೊಡ್ಡ ನಟ್ ಒಂದಿತ್ತು, ಬೋಲ್ಟಿಗೆ ಹಾಕುತ್ತೇವಲ್ಲ, ಅದು. ಅಂಗಡಿಯ ಹೆಸರಿನ ತಮಾಷೆ ಅಡಗಿದ್ದದ್ದೇ ಆ ಮೂಲೆಗಳಲ್ಲಿ. ರೀಮಾಸ್ಟರ್‌ನಲ್ಲಿ ಮೂಲೆಗಳನ್ನೆಲ್ಲ ನುಣುಪುಗೊಳಿಸಿ ಅದನ್ನು ದುಂಡಗಿನ ಟೈರಿನಂತೆ ಮಾಡಿದ್ದರು. ನೋಡಿದಾಗ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಇಪ್ಪತ್ತು ವರ್ಷಗಳ ಹಿಂದೆ ಯಾರೋ ಒಬ್ಬ ಕಲಾವಿದ ನಗುತ್ತ ಕೂತು ಮಾಡಿದ ಕೆಲಸ ಅದು. ಕಂಪನಿ ಕೊನೆಗೆ ಕ್ಷಮೆ ಕೇಳಿ, ಕಂಪ್ಯೂಟರಿಗೆ ಹಳೆಯ ಆವೃತ್ತಿಗಳನ್ನು ಮರಳಿ ತಂದಿತು.

ಕಲಾವಿದರ ಮಾತು ಬಂತು. ಈ ದುಡಿಮೆ ನಮ್ಮಿಂದ ದೂರದ್ದಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯವರು ‘ಫೋರ್ಜಾ’ದಂಥ ಕಾರು ಓಟದ ಆಟಗಳಿಗೆ ಕಾರುಗಳನ್ನು ರೂಪಿಸಿಕೊಟ್ಟವರು. 2019ರಲ್ಲಿ ಆ ತಂಡ ರಾಕ್‌ಸ್ಟಾರ್ ಇಂಡಿಯಾಕ್ಕೆ ಸೇರಿತು. ಒಂದು ಬಾಗಿಲಿನ ಹಿಡಿ, ಒಂದು ಚಕ್ರದ ಹೊಳಪಿನ ಹಿಂದೆ ಎಷ್ಟು ದಿನಗಳ ದುಡಿಮೆ ಇರುತ್ತದೆ ಎಂದು ಬಲ್ಲವರು ಈ ಊರಿನಲ್ಲೇ ಇದ್ದಾರೆ. ಅಂಥವರ ದಿನಗಳನ್ನು ಯಾವ ಪಾತ್ರೆಗೆ ಖರ್ಚು ಮಾಡಬೇಕು ಎಂಬುದು ನನಗೆ ಸಣ್ಣ ಪ್ರಶ್ನೆಯಲ್ಲ.

ಒಂದು ವಿಷಯದಲ್ಲಿ ಮಾತ್ರ ಆ ‘ಪಾರ್ಟ್ 2’ ರೀಮಾಸ್ಟರ್‌ಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಕಣ್ಣು ಕಾಣದವರಿಗಾಗಿ ಅದರಲ್ಲಿ ದೃಶ್ಯಗಳ ಧ್ವನಿ ವಿವರಣೆ ಇದೆ. ಯಾರು ಎಲ್ಲಿ ನಿಂತರು, ಯಾರ ಮುಖ ಬಾಡಿತು ಎಂದು ಒಂದು ದನಿ ಹೇಳುತ್ತ ಹೋಗುತ್ತದೆ. ರೇಡಿಯೊದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಬೆಳೆದ ನಮಗೆ ಅದರ ಬೆಲೆ ಗೊತ್ತು. ಕಿವಿ ಕೇಳದವರಿಗಾಗಿ ಮಾತಿನ ಏರಿಳಿತವನ್ನೇ ಕಂಟ್ರೋಲರಿನ ಕಂಪನವಾಗಿಸಿದ್ದಾರೆ; ಪಾತ್ರ ಮಾತನಾಡಿದಂತೆ ಅಂಗೈಯಲ್ಲಿ ನಡುಕ ಹುಟ್ಟುತ್ತದೆ. ಹುಲ್ಲಿನ ಎಸಳನ್ನು ಇನ್ನಷ್ಟು ಚೂಪಾಗಿಸುವುದಕ್ಕಿಂತ ಇದು ಸಾವಿರ ಪಾಲು ದೊಡ್ಡ ಕೆಲಸ. ಮುಚ್ಚಿದ್ದ ಬಾಗಿಲು ಇಲ್ಲಿ ನಿಜವಾಗಿಯೂ ತೆರೆಯಿತು.

ತೆರೆಯದ ಬಾಗಿಲುಗಳು ಇನ್ನೆಷ್ಟೋ. 2015ರ ‘ಬ್ಲಡ್‌ಬೋರ್ನ್’ ಇಂದಿಗೂ 30 ಫ್ರೇಮ್‌ಗಳಲ್ಲೇ ತಡವರಿಸುತ್ತಿದೆ, ಅಭಿಮಾನಿಗಳು ವರ್ಷಗಳಿಂದ ಮೊರೆಯಿಡುತ್ತಿದ್ದಾರೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಅಧ್ಯಯನ ಮಾಡಿತು. ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಆಟಗಳ ಪೈಕಿ ಶೇಕಡ 87ರಷ್ಟು ಆ ಹೊತ್ತಿಗೆ ಮಾರಾಟದಲ್ಲೇ ಇರಲಿಲ್ಲ ಎಂದು ಅದರಿಂದ ಗೊತ್ತಾಯಿತು. ಪ್ಲೇಸ್ಟೇಷನ್ 3ರ ಹಲವು ಆಟಗಳನ್ನು ಕೆಲವು ದೇಶಗಳಲ್ಲಿ ಚಂದಾ ಕಟ್ಟಿ ಅಂತರ್ಜಾಲದ ಮೂಲಕ ಆಡಬಹುದು. ಭಾರತದಲ್ಲಿ ಸಿಗುವ ಚಂದಾದಲ್ಲಿ ಆ ಸೌಲಭ್ಯವಿಲ್ಲ.

ನನ್ನ ಬಳಿ 2009ರ ‘ಇನ್‌ಫೇಮಸ್’ ಆಟದ ಡಿಸ್ಕ್ ಇದೆ. ಮನೆ ಬದಲಿಸುವಾಗ ಪ್ಲೇಸ್ಟೇಷನ್ 3ನ್ನು ಯಾರಿಗೋ ಕೊಟ್ಟುಬಿಟ್ಟೆ, ಡಿಸ್ಕ್ ಮಾತ್ರ ಪುಸ್ತಕಗಳ ನಡುವೆ ಉಳಿದುಕೊಂಡಿತ್ತು. ಅದನ್ನು ದಾವಣಗೆರೆಗೆ ಒಯ್ದಿದ್ದೆ. ಅಕ್ಕನ ಮಗ ಹೊಸ ಯಂತ್ರಕ್ಕೆ ಹಾಕಿ ನೋಡಿದ. ಒಳಗೆ ಹೋಯಿತು, ಆದರೆ ಆಟ ಶುರುವಾಗಲಿಲ್ಲ. ಅವನು ಅದನ್ನು ಹೊರತೆಗೆದು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡಿದ. ಒಂದು ಗೀರೂ ಇರಲಿಲ್ಲ.

‘ಇದರಲ್ಲಿ ಏನಿತ್ತು ಮಾಮ?’ ಎಂದ.

ಸೈಕಲ್ಲಿನಲ್ಲಿ ಪಾರ್ಸೆಲ್ ಮುಟ್ಟಿಸುವ ಕೋಲ್ ಎಂಬ ಹುಡುಗ, ಅವನ ಕೈಯಲ್ಲಿ ಸಿಡಿದ ಪೊಟ್ಟಣ, ಆಮೇಲೆ ಅವನ ಬೆರಳ ತುದಿಗಳಲ್ಲಿ ಹುಟ್ಟಿದ ಮಿಂಚು ಎಂದು ಶುರುಮಾಡಿದೆ. ಅಕ್ಕ ಊಟಕ್ಕೆ ಕರೆದಾಗಲೂ ಕಥೆ ಅರ್ಧಕ್ಕೇ ಬಂದಿತ್ತು. ಡಿಸ್ಕ್ ಅವನ ಮಡಿಲಲ್ಲೇ ಇತ್ತು.

ನಮಸ್ಕಾರ.